ದಿನಸಿ ಅಂಗಡಿಯವರಿಗೊಂದು ಸಲಹೆ: ಗಿರಾಕಿಯ ಡಬ್ಬಿ, ನಮ್ಮ ತಕ್ಕಡಿ
ಕರ್ನಾಟಕದಲ್ಲಿ 2016ರಿಂದಲೇ ಪ್ಲಾಸ್ಟಿಕ್ ಕೈಚೀಲಗಳಿಗೆ ನಿಷೇಧವಿದ್ದರೂ ಗಿರಾಕಿಗಳು ಬರಿಗೈಯಲ್ಲಿ ಬರುವ ರೂಢಿ ಇನ್ನೂ ಹೋಗಿಲ್ಲ. ಅವರಿಗೆ ಉಪದೇಶ ಮಾಡುವುದಕ್ಕಿಂತ, ಡಬ್ಬಿ ತಂದವರ ಕೆಲಸ ಸಲೀಸಾಗುವಂತೆ ನೋಡಿಕೊಳ್ಳುವುದು ಹೆಚ್ಚು ಫಲ ಕೊಡುತ್ತದೆ. ಅವರು ತಂದ ಸ್ಟೀಲ್ ಡಬ್ಬಿಯನ್ನು ಮೊದಲು ಖಾಲಿಯಾಗಿಯೇ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿಟ್ಟು, ಡಬ್ಬಿಯ ತೂಕ ಕಳೆಯುವ ಟೇರ್ ಗುಂಡಿ ಒತ್ತಿ, ಸೊನ್ನೆ ಬಂದದ್ದನ್ನು ಅವರಿಗೇ ತೋರಿಸಿ, ಆಮೇಲೆ ತೊಗರಿಬೇಳೆಯನ್ನೋ ಬೆಲ್ಲವನ್ನೋ ತುಂಬಿರಿ. ಡಬ್ಬಿಯ ತೂಕಕ್ಕೂ ದುಡ್ಡು ಹಿಡಿದಾರೆಂಬ ಅನುಮಾನ ಅಲ್ಲಿಗೆ ತೀರುತ್ತದೆ. ಜನ ಡಬ್ಬಿ ತರಲು ಹಿಂಜರಿಯುವುದಕ್ಕೆ ಇದೇ ದೊಡ್ಡ ಕಾರಣವೆಂದು ನನಗೆ ಅನ್ನಿಸಿದೆ. ಮರೆತು ಬಂದವರಿಗೆ ಠೇವಣಿ ಪಡೆದು ಬಟ್ಟೆ ಚೀಲ ಕೊಡಿ, ಚೀಲ ಮರಳಿದಾಗ ಹಣವನ್ನೂ ಮರಳಿಸಿ. ರಾಗಿ, ನವಣೆ, ಸಾಮೆಗಳ ಮೂಟೆಗಳನ್ನು ಒಳಮೂಲೆಗೆ ತಳ್ಳದೆ, ಡಬ್ಬಿ ತಂದವರ ಕಣ್ಣಿಗೆ ಬೀಳುವಂತೆ ಗಲ್ಲಾಪೆಟ್ಟಿಗೆಯ ಎದುರಿಗೇ ಬಾಯಿ ಬಿಚ್ಚಿಡಿ.