ಉಬುಂಟು ಲ್ಯಾಪ್‌ಟಾಪ್‌ನ ಪಾಸ್‌ವರ್ಡ್ ಮರೆತಾಗ ನಾನು ಮಾಡಿದ್ದು

ತುಂಬಾ ದಿನ ಮುಟ್ಟದೆ ಇಟ್ಟಿದ್ದ ನನ್ನ ಲ್ಯಾಪ್‌ಟಾಪ್ ಆನ್ ಮಾಡಿದೆ. ಅದರಲ್ಲಿರುವುದು ವಿಂಡೋಸ್ ಅಲ್ಲ, ಉಬುಂಟು ಎಂಬ ಆಪರೇಟಿಂಗ್ ಸಿಸ್ಟಮ್. ಪಾಸ್‌ವರ್ಡ್ ನೆನಪಿಗೆ ಬರಲೇ ಇಲ್ಲ. ಅದರಲ್ಲಿದ್ದದ್ದು ಒಂದೇ ಅಕೌಂಟ್, ಅದೇ ಅಡ್ಮಿನ್. ಒಳಗೆ ಹಳೆಯ ಫೋಟೋ, ಬರವಣಿಗೆ ಎಲ್ಲಾ ಇದ್ದವು. ಹಾಗಾಗಿ ಫಾರ್ಮ್ಯಾಟ್ ಮಾಡುವ ಮಾತೇ ಇರಲಿಲ್ಲ.

ಮೊದಲು ಕೀಬೋರ್ಡ್ ನೋಡಿಕೊಳ್ಳಿ. ಕ್ಯಾಪ್ಸ್ ಲಾಕ್ ಆನ್ ಆಗಿರಬಹುದು. ಕನ್ನಡ ಟೈಪಿಂಗ್ ಹಾಕಿಕೊಂಡವರಿಗೆ ಇನ್ನೊಂದು ತೊಂದರೆ: ಭಾಷೆ ಬದಲಾಗಿದ್ದರೆ ಸರಿಯಾದ ಪಾಸ್‌ವರ್ಡ್ ಕೂಡ ತಪ್ಪಾಗುತ್ತದೆ. ಬಾಕ್ಸ್‌ನಲ್ಲಿ ಬರೀ ಚುಕ್ಕೆ ಕಾಣುವುದರಿಂದ ಗೊತ್ತೂ ಆಗುವುದಿಲ್ಲ. ಪಕ್ಕದ ಕಣ್ಣಿನ ಗುರುತು ಒತ್ತಿ, ನೀವು ಒತ್ತಿದ ಅಕ್ಷರವೇ ಬರುತ್ತಿದೆಯಾ ನೋಡಿ. ನನ್ನದರಲ್ಲಿ ಎಲ್ಲಾ ಸರಿಯಿತ್ತು.

ಹಳೆಯ ಪಾಸ್‌ವರ್ಡ್ ಅನ್ನು ಒಳಗಿನಿಂದ ಹುಡುಕಿ ತೆಗೆಯಬಹುದು ಅಂತ ಕೆಲವರು ತಿಳಿದಿರುತ್ತಾರೆ. ಆಗುವುದಿಲ್ಲ. ಉಬುಂಟು ಅದನ್ನು ಎಲ್ಲಿಯೂ ಬರೆದಿಡುವುದಿಲ್ಲ. ಶ್ಯಾಡೋ ಎಂಬ ಫೈಲ್‌ನಲ್ಲಿ ಅದರ ಹ್ಯಾಶ್, ಅಂದರೆ ಪಾಸ್‌ವರ್ಡ್‌ನಿಂದ ಲೆಕ್ಕ ಹಾಕಿ ತೆಗೆದ ಅಕ್ಷರಗಳ ಸಾಲು ಮಾತ್ರ ಇರುತ್ತದೆ. ಹ್ಯಾಶ್‌ನಿಂದ ಹಿಂದಕ್ಕೆ ಬರುವ ದಾರಿ ಇಲ್ಲ. ನಾವು ಮಾಡಬಹುದಾದ್ದು ಹೊಸ ಪಾಸ್‌ವರ್ಡ್ ಹಾಕುವುದು ಅಷ್ಟೇ. ಪಾಸ್‌ವರ್ಡ್ ಒಡೆಯುತ್ತೇವೆ ಅನ್ನುವ ಸಾಫ್ಟ್‌ವೇರ್‌ಗಳನ್ನು ಸಿಕ್ಕಲ್ಲಿಂದ ಇಳಿಸಿಕೊಳ್ಳಬೇಡಿ. ಅವುಗಳ ಅಗತ್ಯವೇ ಇಲ್ಲ.

ಕೈ ಹಾಕುವ ಮುಂಚೆ ಇನ್ನೊಂದು ಕಂಪ್ಯೂಟರ್‌ನಲ್ಲಿ ಉಬುಂಟುವಿನ ಯುಎಸ್‌ಬಿ ತಯಾರು ಮಾಡಿಕೊಂಡೆ. ನನ್ನ ಲ್ಯಾಪ್‌ಟಾಪ್ ಅನ್ನು ಅದರಿಂದ ಬೂಟ್ ಮಾಡಿ (ಶುರು ಮಾಡಿ), ಇನ್‌ಸ್ಟಾಲ್ ಒತ್ತದೆ, ಟ್ರೈ ಅಂತ ಇರುವುದನ್ನು ಆರಿಸಿದೆ. ಫೈಲ್ಸ್‌ನಲ್ಲಿ ನನ್ನ ಡಿಸ್ಕ್ ಕ್ಲಿಕ್ ಮಾಡಿದೆ. ಯಾವ ಪಾಸ್‌ವರ್ಡ್ ಕೂಡ ಕೇಳದೆ ತೆರೆದುಕೊಂಡಿತು. ಅಂದರೆ ಡಿಸ್ಕ್ ಎನ್‌ಕ್ರಿಪ್ಟ್ ಆಗಿರಲಿಲ್ಲ, ಕೀಲಿ ಇಲ್ಲದೆ ಓದಲಾಗದಂತೆ ಬೀಗ ಹಾಕಿರಲಿಲ್ಲ. ಫೋಟೋಗಳನ್ನೆಲ್ಲ ಹೊರಗಿನ ಡ್ರೈವ್‌ಗೆ ಕಾಪಿ ಮಾಡಿಕೊಂಡೆ. ಇಲ್ಲಿ ಡಿಸ್ಕ್‌ನ ಪಾಸ್‌ಫ್ರೇಸ್ (ಆ ಬೀಗ ತೆರೆಯುವ ಪಾಸ್‌ವರ್ಡ್) ಕೇಳಿ, ಅದೂ ಮರೆತಿದ್ದರೆ, ಮುಂದಿನದ್ಯಾವುದೂ ಕೆಲಸಕ್ಕೆ ಬರುವುದಿಲ್ಲ.

ಆಮೇಲೆ ಯುಎಸ್‌ಬಿ ತೆಗೆದು ಮತ್ತೆ ಆನ್ ಮಾಡಿದೆ. ತಯಾರಕರ ಲೋಗೋ ಬಂದ ಕೂಡಲೇ ಎಸ್ಕೇಪ್ ಒತ್ತಬೇಕು. ಹಳೆಯ ಬಯೋಸ್ ಮಷೀನ್ ಆದರೆ ಶಿಫ್ಟ್ ಹಿಡಿದಿರಬೇಕು. ಏನನ್ನು ಶುರು ಮಾಡಬೇಕು ಅಂತ ಆರಿಸುವ ಗ್ರಬ್ ಮೆನು ಬರುತ್ತದೆ. ಎಸ್ಕೇಪ್ ಜಾಸ್ತಿ ಸಲ ಒತ್ತಿದರೆ ಮೆನು ದಾಟಿ ಗ್ರಬ್‌ನ ಖಾಲಿ ಪರದೆಗೆ ಹೋಗಿಬಿಡುತ್ತದೆ. ಗಾಬರಿಯಾಗಬೇಡಿ, ರೀಸ್ಟಾರ್ಟ್ ಮಾಡಿ. ಮೆನುವಿನಲ್ಲಿ ಅಡ್ವಾನ್ಸ್ಡ್ ಆಪ್ಷನ್ಸ್, ಅದರೊಳಗೆ ರಿಕವರಿ ಮೋಡ್, ಅಲ್ಲಿ ಬರುವ ಪಟ್ಟಿಯಲ್ಲಿ ರೂಟ್, ಅಂದರೆ ಎಲ್ಲಾ ಅಧಿಕಾರ ಇರುವ ಅಕೌಂಟ್. ಉಬುಂಟುವಿನಲ್ಲಿ ರೂಟ್ ಅಕೌಂಟ್‌ಗೆ ತಾನಾಗಿ ಪಾಸ್‌ವರ್ಡ್ ಇರುವುದಿಲ್ಲ, ಅದಕ್ಕೇ ಎಂಟರ್ ಒತ್ತಿದರೆ ಒಳಗೆ ಬಿಡುತ್ತದೆ.

ಇಲ್ಲಿ ಹೆಚ್ಚಿನವರು ಸಿಕ್ಕಿಬೀಳುತ್ತಾರೆ. ಡಿಸ್ಕ್ ಓದಲು ಮಾತ್ರ ತೆರೆದಿರುತ್ತದೆ, ಬರೆಯಲು ಬಿಡುವುದಿಲ್ಲ. ನೇರವಾಗಿ ಪಾಸ್‌ವರ್ಡ್ ಬದಲಿಸಲು ಹೋದರೆ, ಆಥೆಂಟಿಕೇಶನ್ ಟೋಕನ್ ಮ್ಯಾನಿಪ್ಯುಲೇಶನ್ ಎರರ್ ಅಂತ ಬರುತ್ತದೆ. ಹಾಗಾಗಿ ಮೊದಲು ಕೊಡಬೇಕಾದ ಕಮಾಂಡ್ ಇದು: ಮೌಂಟ್, ಜಾಗ, ಹೈಫನ್ ಓ, ಜಾಗ, ರೀಮೌಂಟ್ ಕಾಮಾ ಆರ್‌ಡಬ್ಲ್ಯೂ, ಜಾಗ, ಒಂದು ಸ್ಲ್ಯಾಶ್. ಕಾಮಾದ ಹಿಂದೆ ಮುಂದೆ ಜಾಗ ಬಿಡಬಾರದು. ಏನೂ ಉತ್ತರ ಬರಲಿಲ್ಲ ಅಂದರೆ ಕೆಲಸ ಆಯಿತು ಅಂತಲೇ ಅರ್ಥ.

ಯೂಸರ್‌ನೇಮ್ ಕೂಡ ಮರೆತಿದ್ದರೆ ಹೋಮ್ ಫೋಲ್ಡರ್‌ನ ಪಟ್ಟಿ ತೆಗೆದು ನೋಡಿ, ಸಾಮಾನ್ಯವಾಗಿ ಅಲ್ಲಿರುವ ಫೋಲ್ಡರ್ ಹೆಸರೇ ಅದು. ನಂತರ ಇಂಗ್ಲಿಷಿನ ಪಾಸ್‌ವರ್ಡ್ ಪದದಲ್ಲಿ ಓ ಮತ್ತು ಆರ್ ಬಿಟ್ಟು ಬರೆದು, ಜಾಗ ಬಿಟ್ಟು, ಯೂಸರ್‌ನೇಮ್ ಕೊಡಿ. ಹೊಸ ಪಾಸ್‌ವರ್ಡ್ ಟೈಪ್ ಮಾಡುವಾಗ ಪರದೆ ಮೇಲೆ ಚುಕ್ಕೆಯೂ ಕಾಣುವುದಿಲ್ಲ. ಸುಮ್ನೆ ಟೈಪ್ ಮಾಡಿ ಎಂಟರ್ ಒತ್ತಿ, ಇನ್ನೊಮ್ಮೆ ಅದನ್ನೇ ಮಾಡಿ. ಆಮೇಲೆ ರೀಬೂಟ್.

ಲಾಗಿನ್ ಆಯಿತು. ಆದರೆ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಕ್ರೋಮ್ ತೆರೆದ ಕೂಡಲೇ ಲಾಗಿನ್ ಕೀರಿಂಗ್ (ಪಾಸ್‌ವರ್ಡ್, ಕೀಲಿಗಳನ್ನು ಬೀಗ ಹಾಕಿ ಇಡುವ ಜಾಗ) ತೆರೆಯಲು ಪಾಸ್‌ವರ್ಡ್ ಕೊಡಿ ಅಂತ ಕೇಳಿತು. ಹೊಸದು ಕೊಟ್ಟರೆ ಒಪ್ಪಲಿಲ್ಲ. ಕೀರಿಂಗ್‌ಗೆ ಹಾಕಿದ ಬೀಗ ಹಳೆಯ ಪಾಸ್‌ವರ್ಡ್‌ನದು, ರೂಟ್ ಆಗಿ ಬದಲಿಸಿದ್ದು ಅದಕ್ಕೆ ತಿಳಿಯುವುದಿಲ್ಲ. ಇದನ್ನು ಡಿಲೀಟ್ ಮಾಡಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಮಾಡಲಿಲ್ಲ. ಕೀರಿಂಗ್ಸ್ ಫೋಲ್ಡರ್‌ನಲ್ಲಿದ್ದ ಆ ಫೈಲ್‌ಗೆ ಬೇರೆ ಹೆಸರು ಕೊಟ್ಟು ಪಕ್ಕಕ್ಕಿಟ್ಟೆ. ಮುಂದೆಂದಾದರೂ ಹಳೆಯ ಪಾಸ್‌ವರ್ಡ್ ನೆನಪಾದರೆ ತೆರೆಯಬಹುದು ಅಲ್ವಾ? ಹೊಸ ಕೀರಿಂಗ್ ತಾನಾಗಿ ಆಯಿತು. ಕ್ರೋಮ್‌ನಲ್ಲಿ ಉಳಿಸಿದ್ದ ಪಾಸ್‌ವರ್ಡ್‌ಗಳು ಮಾತ್ರ ಸಿಗಲಿಲ್ಲ. ಫೈರ್‌ಫಾಕ್ಸ್ ತನ್ನ ಕೀಲಿಯನ್ನು ತಾನೇ ಇಟ್ಟುಕೊಳ್ಳುವುದರಿಂದ ಅದರವು ಹಾಗೇ ಇದ್ದವು.

ವಿಂಡೋಸ್ ಬಳಸುವವರಿಗೆ ಒಂದು ಮಾತು. ಮೈಕ್ರೋಸಾಫ್ಟ್ ಅಕೌಂಟ್ ಆದರೆ ಇನ್ನೊಂದು ಸಾಧನದಿಂದ ಆನ್‌ಲೈನ್‌ನಲ್ಲೇ ಬದಲಿಸಬಹುದು. ಡಿಸ್ಕ್ ಎನ್‌ಕ್ರಿಪ್ಟ್ ಮಾಡುವ ಬಿಟ್‌ಲಾಕರ್ ಇದ್ದರೆ ಅದರ 48 ಅಂಕಿಯ ರಿಕವರಿ ಕೀ ಎಲ್ಲಿದೆ ಅಂತ ಇವತ್ತೇ ನೋಡಿಟ್ಟುಕೊಳ್ಳಿ.

ಇಷ್ಟು ಸುಲಭವಾಗಿ ನಾನು ಒಳಗೆ ಹೋದೆ ಅಂದರೆ, ಲ್ಯಾಪ್‌ಟಾಪ್ ಕೈಗೆ ಸಿಕ್ಕ ಯಾರು ಬೇಕಾದರೂ ಹೋಗಬಹುದು. ಇದು ನನಗೆ ಸಮಾಧಾನ ಕೊಡಲಿಲ್ಲ. ಬ್ಯಾಕಪ್ ಹೇಗೂ ಇತ್ತು, ಉಬುಂಟುವನ್ನು ಡಿಸ್ಕ್ ಎನ್‌ಕ್ರಿಪ್ಶನ್ ಜೊತೆ ಹೊಸದಾಗಿ ಹಾಕಿದೆ. ಅದಕ್ಕೆ ಬಳಸುವ ಲಕ್ಸ್ ಎಂಬ ವ್ಯವಸ್ಥೆಯಲ್ಲಿ ಒಂದೇ ಡಿಸ್ಕ್‌ಗೆ ಒಂದಕ್ಕಿಂತ ಹೆಚ್ಚು ಪಾಸ್‌ಫ್ರೇಸ್ ಇಡಬಹುದು. ಕ್ರಿಪ್ಟ್‌ಸೆಟಪ್ ಕಮಾಂಡ್‌ನಿಂದ ಎರಡನೆಯದನ್ನು ಸೇರಿಸಿ, ಕಾಗದದಲ್ಲಿ ಬರೆದು, ಲ್ಯಾಪ್‌ಟಾಪ್‌ನಿಂದ ದೂರ ಇಟ್ಟಿದ್ದೇನೆ.