ಸೋದರಮಾವನ ರಕ್ತ, ಅಪ್ಪನ ಬೈಗುಳ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ಕನ್ನಡ ಮಾಧ್ಯಮದ ಹೈಸ್ಕೂಲೊಂದರಲ್ಲಿ ನಾನು ಜೀವಶಾಸ್ತ್ರ ಕಲಿಸುತ್ತಿದ್ದಾಗ ಒಂಬತ್ತನೇ ತರಗತಿಯ ಹುಡುಗನೊಬ್ಬನ ಹೊಡೆದಾಟದ ದೂರು ವಾರಕ್ಕೆ ಎರಡು ಸಲವಾದರೂ ಬರುತ್ತಿತ್ತು. "ಸೋದರಮಾವನೂ ಹೀಗೆಯೇ ಟೀಚರೇ, ರಕ್ತದಲ್ಲೇ ಬಂದದ್ದು" ಎಂದು ಸಹೋದ್ಯೋಗಿಗಳು ತೀರ್ಪು ಕೊಟ್ಟಿದ್ದರು.

ಆ ಮಾತಿನಲ್ಲಿ ವಿಜ್ಞಾನದ ಒಂದು ಎಳೆ ಇಲ್ಲದಿಲ್ಲ. ಮಿದುಳಿನ ಸೆರೊಟೋನಿನ್‌ನಂಥ ರಾಸಾಯನಿಕಗಳನ್ನು ಒಡೆಯುವ ಎಂಎಒಎ ಎಂಬ ಜೀನ್ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಗಂಡುಮಕ್ಕಳಿಗೆ ಅದು ತಾಯಿಯ ಕಡೆಯಿಂದಲೇ ಬರುತ್ತದೆ. ಈ ಜೀನ್ ಕೆಲಸ ಮಾಡದ ಡಚ್ ಕುಟುಂಬವೊಂದರ ಗಂಡಸರ ಆಕ್ರಮಣಶೀಲತೆ 1993ರಲ್ಲಿ ವರದಿಯಾಯಿತು, ಆದರೆ ಅದು ತೀರಾ ಅಪರೂಪದ ದೋಷ. ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ ಬೆಳೆದವರ ಕುರಿತು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಜೀನ್ ಮಂದವಾಗಿದ್ದವರ ಪೈಕಿ ಬಾಲ್ಯದಲ್ಲಿ ಹಿಂಸೆ ಅನುಭವಿಸಿದವರಲ್ಲಿಯೇ ಸಮಾಜವಿರೋಧಿ ವರ್ತನೆ ಎದ್ದು ಕಂಡಿತು. ಅನಂತರದ ಎಲ್ಲ ಅಧ್ಯಯನಗಳಲ್ಲಿ ಹಾಗೆಯೇ ಕಂಡುಬಂದಿಲ್ಲ ಎಂಬುದನ್ನೂ ಹೇಳಬೇಕು.

ಜೀನ್ ನನ್ನ ಕೈಯಲ್ಲಿರಲಿಲ್ಲ, ಅವನ ಜಗಳಗಳನ್ನು ಬರೆದಿಡುವ ಪುಸ್ತಕವಿತ್ತು. ಮೊದಲ ತಿಂಗಳು ಯಾರು ಯಾರಿಗೆ ಹೊಡೆದರೆಂದು ಮಾತ್ರ ಬರೆದು ಕೆಟ್ಟೆ. ಆಮೇಲೆ ಪೆಟ್ಟಿಗೆ ಮುಂಚಿನ ಹತ್ತು ನಿಮಿಷವನ್ನು ಬರೆಯತೊಡಗಿದಾಗ, ಬಹುಪಾಲು ಜಗಳಗಳು ಊಟದ ಬೆಲ್ಲಿಗೆ ಮುಂಚಿನ ಪೀರಿಯಡಿನವೆಂದು ತಿಳಿಯಿತು. ಅವನ ಹೆಬ್ಬೆರಳಿನ ಬದಿಯಲ್ಲಿ ಅಡಿಕೆ ಸಿಪ್ಪೆ ಗೀರಿದ ಗಾಯಗಳಿದ್ದವು. ರಾತ್ರಿ ಹನ್ನೊಂದರವರೆಗೆ ಸುಲಿಯುವ ಕೆಲಸ, ಬೆಳಗ್ಗೆ ಏನೂ ತಿನ್ನದೆ ಮೊದಲ ಬಸ್ಸು. ನಿದ್ದೆಗೆಟ್ಟಾಗ ಮಿದುಳಿನಲ್ಲಿ ಭಯ, ಸಿಟ್ಟುಗಳಿಗೆ ಸ್ಪಂದಿಸುವ ಅಮಿಗ್ಡಲ ಎಂಬ ಭಾಗ ಬೇಗ ಕೆರಳುತ್ತದೆ. ಅದಕ್ಕೆ ಲಗಾಮು ಹಾಕುವ ಹಣೆಯ ಹಿಂದಿನ ಭಾಗವಾದರೋ ಇಪ್ಪತ್ತು ದಾಟಿದ ಮೇಲೂ ಬಲಿಯುತ್ತಲೇ ಇರುತ್ತದೆ.

ಹೊಡೆಯುವ ಮುಂಚೆ ಅವನು ಆಡುತ್ತಿದ್ದ ತುಳು ಬೈಗುಳವನ್ನು ತಾಯಿಗೆ ಹೇಳಿದೆ. ಆಕೆ ತಲೆ ತಗ್ಗಿಸಿ, "ಅದು ಇವನ ಅಪ್ಪನ ಮಾತು ಟೀಚರೇ, ಕೈ ಮೊದಲು, ಮಾತು ಆಮೇಲೆ" ಎಂದರು. ದೊಡ್ಡವರು ಬೊಂಬೆಗೆ ಹೊಡೆದದ್ದನ್ನು ಕಂಡ ಮಕ್ಕಳು ಪೆಟ್ಟನ್ನಷ್ಟೇ ಅಲ್ಲ, ಬೈದ ಮಾತನ್ನೂ ಅನುಕರಿಸಿದ್ದು 1961ರಲ್ಲಿ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ ಅವರ ಪ್ರಯೋಗದಲ್ಲಿ ಕಂಡದ್ದೇ.

ಬೆಳಗ್ಗಿನ ಇಂಟರ್ವೆಲ್ಲಿಗೆ ಅವಲಕ್ಕಿಯ ಏರ್ಪಾಡು ಮಾಡಿದೆ, ಕೆರಳಿದಾಗ ಕೇಳದೆ ಎದ್ದುಹೋಗಲೆಂದು ಬಾಗಿಲ ಪಕ್ಕ ಕೂರಿಸಿದೆ. ಅಡಿಕೆ ಸುಲಿಯುವುದನ್ನು ಶನಿವಾರಕ್ಕೆ ಸೀಮಿತಗೊಳಿಸಲು ತಂದೆ ಒಪ್ಪಿದರು, ಹೊಡೆಯುವುದನ್ನು ಬಿಡಲು ಒಪ್ಪಲಿಲ್ಲ. ಶಾಲೆಗೆ ಬರುತ್ತಿದ್ದ ಕೌನ್ಸಿಲರಿಗೆ ಮಲಯಾಳ ಬಿಟ್ಟು ಬೇರೆ ಭಾಷೆ ಬಾರದು. ಹುಡುಗ ಅವರೆದುರು ಬಾಯಿಯನ್ನೇ ಬಿಡಲಿಲ್ಲ.

ನವೆಂಬರಿನ ಒಂದು ಪುಟದಲ್ಲಿ ಹೀಗೆ ಬರೆದಿದ್ದೇನೆ: "ಕೈ ಎತ್ತಿದ, ಇಳಿಸಿದ, ನಳ್ಳಿಯಲ್ಲಿ ಮುಖ ತೊಳೆದು ಬಂದ." ಮರುವಾರದ ಪುಟದಲ್ಲಿ ಮತ್ತೆ ಹೊಡೆದದ್ದಿದೆ, ಅದು ಸೋಮವಾರ.