ವಿಡಿಯೊ ನಿಲ್ಲಿಸಿ, ಪೆನ್ನು ಹಿಡಿಯಿರಿ: ಆನ್‌ಲೈನ್‌ನಲ್ಲಿ ರಸಾಯನಶಾಸ್ತ್ರ ಕಲಿಯುವ ಬಗೆ

ಎಸ್ಸೆಸ್ಸೆಲ್ಸಿ ಮಕ್ಕಳಿಗೆ ರಸಾಯನಶಾಸ್ತ್ರದ ವಿಡಿಯೊ ಪಾಠಗಳ ಕೊರತೆಯಿಲ್ಲ. ಪಾಠ ನೋಡಿ ಮುಗಿಸಿ ಪೆನ್ನು ಹಿಡಿದಾಗ ಕೈ ಓಡದಿರುವುದೇ ತೊಂದರೆ. ಬೆಂಗಳೂರಿನ ರಾಜಾಜಿನಗರದ ನಮ್ಮ ಮನೆಯಲ್ಲಿ ಹತ್ತನೇ ತರಗತಿಯ ಮಗಳು ಒಂದೇ ಭಾನುವಾರ ಹನ್ನೊಂದು ವಿಡಿಯೊ ನೋಡಿ, ಎಲ್ಲ ಅರ್ಥವಾಯಿತೆಂದು ಎದ್ದವಳು, ಸಂಜೆ ಒಂದು ರಾಸಾಯನಿಕ ಸಮೀಕರಣವನ್ನು ಸರಿದೂಗಿಸಲಾಗದೆ, ಅಂದರೆ ಅದರ ಎರಡೂ ಬದಿಯ ಪರಮಾಣುಗಳ ಎಣಿಕೆಯನ್ನು ಸಮ ಮಾಡಲಾಗದೆ, ಕುಳಿತಿದ್ದಳು. ಆ ಸಂಜೆಯ ಬಳಿಕ ನಾವು ರೂಢಿಸಿಕೊಂಡ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ಪಠ್ಯಪುಸ್ತಕ ತೆರೆಯಿರಿ. ಯಾವ ಅಧ್ಯಾಯ, ಯಾವ ಪುಟ ಎಂಬುದು ಗೊತ್ತಾದ ಮೇಲೆಯೇ ಮೊಬೈಲ್ ಕೈಗೆ ಬರಲಿ. ರಾಜ್ಯ ಪಠ್ಯಕ್ರಮದ ಪುಸ್ತಕದಲ್ಲಿ ಮುದ್ರಿಸಿರುವ ಕ್ಯೂಆರ್ ಕೋಡನ್ನು ಶಾಲಾ ಪಾಠಗಳಿಗಾಗಿ ಸರ್ಕಾರ ರೂಪಿಸಿದ ದೀಕ್ಷಾ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಆ ಅಧ್ಯಾಯಕ್ಕೆ ಸಂಬಂಧಿಸಿದ ಪಾಠಗಳೇ ಸಿಗುತ್ತವೆ. ಯೂಟ್ಯೂಬ್‌ನಲ್ಲಿ ಹುಡುಕುವುದಾದರೂ ಒಂದು ಅಧ್ಯಾಯಕ್ಕೆ ಒಬ್ಬರೇ ಮೇಷ್ಟ್ರನ್ನು ಆರಿಸಿಕೊಳ್ಳುವುದು ಒಳ್ಳೆಯದು. ಒಂಬತ್ತನೇ ತರಗತಿಯ ವೇಲೆನ್ಸಿ (ಒಂದು ಪರಮಾಣು ಬೇರೆ ಪರಮಾಣುಗಳೊಡನೆ ಕೂಡುವ ಸಾಮರ್ಥ್ಯ) ಮರೆತುಹೋಗಿದ್ದರೆ ಮೊದಲು ಅದನ್ನು ನೋಡಿಕೊಳ್ಳಬೇಕು. ಅದಿಲ್ಲದೆ ಮುಂದಿನದು ಬರಿಯ ಬಾಯಿಪಾಠವಾಗುತ್ತದೆ.

ಎರಡನೆಯ ಹೆಜ್ಜೆಯೇ ಮುಖ್ಯವಾದದ್ದು. ಮೇಷ್ಟ್ರು ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆದ ಕೂಡಲೇ ವಿಡಿಯೊ ನಿಲ್ಲಿಸಿ, ಉತ್ತರವನ್ನು ನೀವೇ ನೋಟ್‌ಬುಕ್ಕಿನಲ್ಲಿ ಬರೆಯಲು ಯತ್ನಿಸಬೇಕು. ಹತ್ತನೇ ತರಗತಿಯ ಮೊದಲ ಅಧ್ಯಾಯದಲ್ಲೇ ಬರುವ ಕಬ್ಬಿಣ ಮತ್ತು ನೀರಿನ ಹಬೆಯ ಕ್ರಿಯೆಯನ್ನು ನೋಡೋಣ. ಕಾದ ಕಬ್ಬಿಣದೊಡನೆ ಹಬೆ ವರ್ತಿಸಿದಾಗ, ಮೂರು ಕಬ್ಬಿಣ ಹಾಗೂ ನಾಲ್ಕು ಆಕ್ಸಿಜನ್ ಪರಮಾಣುಗಳಿರುವ ಆಕ್ಸೈಡ್ ಉಂಟಾಗಿ ಹೈಡ್ರೋಜನ್ ಅನಿಲ ಬಿಡುಗಡೆಯಾಗುತ್ತದೆ. ಹೆಚ್ಚು ಪರಮಾಣುಗಳಿರುವ ಈ ಆಕ್ಸೈಡಿನಿಂದಲೇ ಎಣಿಕೆ ಶುರುಮಾಡಿ. ಅದರಲ್ಲಿ ನಾಲ್ಕು ಆಕ್ಸಿಜನ್ ಇರುವುದರಿಂದ ಎಡಗಡೆ ನಾಲ್ಕು ನೀರಿನ ಅಣುಗಳು ಬೇಕು; ಆಗ ಎಡಗಡೆ ಎಂಟು ಹೈಡ್ರೋಜನ್ ಪರಮಾಣುಗಳಾಗುವುದರಿಂದ ಬಲಗಡೆ ನಾಲ್ಕು ಹೈಡ್ರೋಜನ್ ಅಣುಗಳನ್ನು ಬರೆಯಬೇಕು; ಕೊನೆಗೆ ಎಡಗಡೆಯ ಕಬ್ಬಿಣಕ್ಕೆ ಮೊದಲು ಮೂರು ಎಂದು ಹಾಕಿದರೆ ಲೆಕ್ಕ ಸರಿಹೋಯಿತು.

ನಮ್ಮ ಮಗಳು ಎಡವಿದ್ದು ಬೇರೆ ಕಡೆ. ಆಕ್ಸಿಜನ್ ಸಾಲದೆಂದು ಅವಳು ನೀರಿನ ಸೂತ್ರದೊಳಗೇ, ಆಕ್ಸಿಜನ್ನಿನ ಪಕ್ಕದಲ್ಲಿ ಕೆಳಗಡೆ, ಎರಡು ಎಂಬ ಸಣ್ಣ ಅಂಕಿ ಸೇರಿಸಿಬಿಟ್ಟಿದ್ದಳು. ಹಾಗೆ ಮಾಡಿದರೆ ಅದು ನೀರಾಗಿ ಉಳಿಯುವುದಿಲ್ಲ, ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ. ಸೂತ್ರವನ್ನು ಮುಟ್ಟದೆ ಅದಕ್ಕೆ ಮೊದಲು ಬರುವ ಅಂಕಿಯನ್ನಷ್ಟೇ ಬದಲಿಸಬೇಕೆಂಬ ಮಾತನ್ನು ಆ ವಿಡಿಯೊದಲ್ಲಿ ಮೇಷ್ಟ್ರು ಎರಡು ಸಲ ಹೇಳಿದ್ದರು. ಕೈಯಾರೆ ತಪ್ಪು ಮಾಡುವವರೆಗೆ ಅದು ಅವಳ ಕಿವಿಗೆ ಬಿದ್ದಿರಲೇ ಇಲ್ಲ. ಇಂಥ ಅಭ್ಯಾಸಕ್ಕೆ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ 'ಫೆಟ್' ಎಂಬ, ಪರದೆಯ ಮೇಲೆ ಆಡಿಸಿ ನೋಡಬಹುದಾದ ವಿಜ್ಞಾನದ ಮಾದರಿಗಳು ಉಚಿತವಾಗಿ ಸಿಗುತ್ತವೆ. ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಆರಂಭಿಸಿದ ಯೋಜನೆಯಿದು. ಅಂಕಿ ಬದಲಿಸಿದಂತೆಲ್ಲ ಎರಡೂ ಬದಿಯ ಪರಮಾಣುಗಳು ಪರದೆಯ ಮೇಲೆ ಹೆಚ್ಚು ಕಡಿಮೆಯಾಗುವುದನ್ನು ಅಲ್ಲಿ ಕಣ್ಣಾರೆ ಕಾಣಬಹುದು.

ಪ್ರಯೋಗದ ವಿಡಿಯೊಗಳಲ್ಲಿ ಸಮಯದ ಮೇಲೆ ನಿಗಾ ಇರಲಿ. ಮೈಲುತುತ್ತದ (ಕಾಪರ್ ಸಲ್ಫೇಟ್) ದ್ರಾವಣದಲ್ಲಿ ಮುಳುಗಿಸಿದ ಕಬ್ಬಿಣದ ಮೊಳೆ ಕಂದುಬಣ್ಣಕ್ಕೆ ತಿರುಗಲು ಪುಸ್ತಕದ ಚಟುವಟಿಕೆಯಲ್ಲಿ ಸುಮಾರು 20 ನಿಮಿಷ ಕೊಡಲಾಗಿದೆ. ವಿಡಿಯೊದಲ್ಲಿ ಅದು ಕೆಲವೇ ಸೆಕೆಂಡುಗಳಲ್ಲಿ ಮುಗಿದುಹೋಗುತ್ತದೆ.

ಮೂರನೆಯದಾಗಿ, ನೋಡಿದ್ದನ್ನು ಅಡುಗೆಮನೆಯಲ್ಲಿ ಪರೀಕ್ಷಿಸಿ. ಶುಭಕಾರ್ಯಗಳಲ್ಲಿ ಆರತಿ ಎತ್ತಲು ಅರಿಸಿನಕ್ಕೆ ಸುಣ್ಣ ಬೆರೆಸಿದ ನೀರು ಕೆಂಪಾಗುವುದನ್ನು ನಮ್ಮ ಮಕ್ಕಳು ಹುಟ್ಟಿದಾಗಿನಿಂದ ಕಂಡಿದ್ದಾರೆ. ಅರಿಸಿನವು ಬಣ್ಣ ಬದಲಿಸಿ ತೋರಿಸುವ ಸೂಚಕ, ಸುಣ್ಣವು ಆಮ್ಲವನ್ನು ತಟಸ್ಥಗೊಳಿಸುವ ಪ್ರತ್ಯಾಮ್ಲ ಎಂದು ಅವರಿಗೆ ಹೇಳಿದವರು ಕಡಿಮೆ. ಅದೇ ನೀರಿಗೆ ನಿಂಬೆರಸ ಹಿಂಡುತ್ತ ಹೋದರೆ ಹಳದಿ ಮರಳುತ್ತದೆ. ಬೋರ್‌ವೆಲ್ ನೀರು ಬಳಸುವ ಬಡಾವಣೆಯವರು ಬಕೆಟ್ಟಿನ ಒಳಗೆ ಕಟ್ಟಿದ ಬಿಳಿ ಪದರದ ಮೇಲೆ ನಿಂಬೆರಸ ಬಿಟ್ಟು ನೋಡಲಿ: ಸಣ್ಣಗೆ ನೊರೆ ಏಳುವುದು ಕಾರ್ಬನೇಟು ಆಮ್ಲದೊಡನೆ ವರ್ತಿಸಿ ಬಿಡುವ ಕಾರ್ಬನ್ ಡೈಆಕ್ಸೈಡಿನಿಂದ. ಆದರೆ ಬ್ಲೀಚಿಂಗ್ ಪೌಡರನ್ನೂ ಆಮ್ಲವಿರುವ ಟಾಯ್ಲೆಟ್ ಕ್ಲೀನರನ್ನೂ ಯಾವ ಕಾರಣಕ್ಕೂ ಬೆರೆಸಬಾರದು; ಹೊರಬರುವ ಕ್ಲೋರಿನ್ ವಿಷಾನಿಲ.

ಕನ್ನಡ ಮಾಧ್ಯಮದವರಿಗೆ ಇನ್ನೊಂದು ಕೆಲಸವಿದೆ. ಪಿಯುಸಿ ವಿಜ್ಞಾನ ಬಹುತೇಕ ಕಾಲೇಜುಗಳಲ್ಲಿ ಇಂಗ್ಲಿಷಿನಲ್ಲಿ ನಡೆಯುವುದರಿಂದ, ನೋಟ್‌ಬುಕ್ಕಿನ ಕೊನೆಯ ಹಾಳೆಗಳಲ್ಲಿ ಎರಡು ಕಾಲಂ ಎಳೆದು ಉತ್ಕರ್ಷಣಕ್ಕೆ ಆಕ್ಸಿಡೇಶನ್, ಪ್ರತ್ಯಾಮ್ಲಕ್ಕೆ ಬೇಸ್ ಎಂದು ಜೋಡಿಪದಗಳನ್ನು ಈಗಲೇ ಬರೆದಿಟ್ಟುಕೊಳ್ಳಿ. ಪ್ರತ್ಯಾಮ್ಲವನ್ನೂ ಕ್ಷಾರವನ್ನೂ ಒಂದೇ ಎನ್ನುವ ವಿಡಿಯೊಗಳು ಸಾಕಷ್ಟಿವೆ. ನೀರಿನಲ್ಲಿ ಕರಗುವ ಪ್ರತ್ಯಾಮ್ಲ ಮಾತ್ರ ಕ್ಷಾರ.

ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತ ಬಸ್ಸಿನೊಳಗೆ ನೋಡಿದ ಪಾಠವನ್ನು ನಮ್ಮ ಮನೆಯಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅಲ್ಲಿ ಬರೆಯಲಾಗದು. ಕೊನೆಯದಾಗಿ, ಎರಡು ದಿನ ಬಿಟ್ಟು ಅದೇ ಲೆಕ್ಕವನ್ನು ವಿಡಿಯೊ ಹಾಕದೆ ಬರೆಯಬೇಕು. ಎಲ್ಲಿ ತಡವರಿಸಿದಿರೋ ಆ ಎರಡು ಮೂರು ನಿಮಿಷದ ಭಾಗವನ್ನಷ್ಟೇ ಮತ್ತೆ ನೋಡಿದರೆ ಸಾಕು, ಇಡೀ ಪಾಠವನ್ನಲ್ಲ. ಅದಕ್ಕಾಗಿ ಮೊದಲ ಸಲ ನೋಡುವಾಗಲೇ ಪ್ರತಿ ಲೆಕ್ಕದ ಪಕ್ಕದಲ್ಲಿ ವಿಡಿಯೊದ ನಿಮಿಷವನ್ನು ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡಿರಬೇಕು.